ಡ್ರೈವರ್ ಇಲ್ಲದ ಗಾಡಿ

ನಮ್ಮಲ್ಲಿ ಟೂರಿಗೆ ಗಾಡಿ ಗೊತ್ತು ಮಾಡುವಾಗ ನಿಜವಾಗಿ ಗೊತ್ತು ಮಾಡುವುದು ಡ್ರೈವರನ್ನು. ಗಾಡಿ ಅವನ ಜೊತೆ ಬರುತ್ತದೆ, ಅಷ್ಟೇ. ಧರ್ಮಸ್ಥಳ, ಕುಕ್ಕೆ, ಹೊರನಾಡು ಒಂದು ರೌಂಡ್ ಹೋಗಿಬರೋಣ ಅಂತ ಮನೆಯಲ್ಲಿ ಮಾತೆದ್ದರೆ, ಇನ್ನೋವಾನೋ ಟಿಟಿನೋ ಅನ್ನುವುದು ಆಮೇಲಿನ ಮಾತು. "ಹೋದ್ಸಲ ಬಂದಿದ್ದನಲ್ಲ, ಆ ಹುಡುಗನೇ ಸಿಗ್ತಾನಾ ಕೇಳು" ಅನ್ನುವುದು ಮೊದಲು. ಕಿಲೋಮೀಟರಿಗೆ ಇಷ್ಟು, ದಿನಕ್ಕೆ ಕನಿಷ್ಠ 300 ಕಿಲೋಮೀಟರ್ ಲೆಕ್ಕ, ಟೋಲು ಪಾರ್ಕಿಂಗು ನಮ್ಮದು, ಡ್ರೈವರ್ ಬಾಟಾ ಬೇರೆ. ಅಲ್ಲಿಗೆ ಮುಗಿಯಿತು. ಇನ್ನು ನಮಗೆ ಯಾವ ಚಿಂತೆಯೂ ಇಲ್ಲ. ಎಲ್ಲಿ ಇಡ್ಲಿ ಚೆನ್ನಾಗಿರುತ್ತದೆ, ಯಾವ ಹೋಟೆಲಿನ ಟಾಯ್ಲೆಟ್ ಕ್ಲೀನಾಗಿದೆ, ಚಾರ್ಮಾಡಿಯಲ್ಲಿ ಮಂಜು ಬಿದ್ದರೆ ಎಷ್ಟೊತ್ತಿಗೆ ಹೊರಡಬೇಕು, ಯಾವ ದೇವಸ್ಥಾನದ ಬಾಗಿಲು ಎಷ್ಟಕ್ಕೆ ಮುಚ್ಚುತ್ತಾರೆ, ಎಲ್ಲಾ ಅವನ ತಲೆಯಲ್ಲಿದೆ.

ನಮ್ಮಮ್ಮನಿಗಂತೂ ಡ್ರೈವರ್ ಅಂದರೆ ಪ್ರವಾಸದ ಅರ್ಧ ಸುಖ. ನೆಲಮಂಗಲ ದಾಟುವಷ್ಟರಲ್ಲಿ ಹುಡುಗನಿಗೆ ಮದುವೆಯಾಗಿದೆಯೋ ಇಲ್ಲವೋ ತಿಳಿದಿರುತ್ತದೆ. ಕುಣಿಗಲ್ ಬರುವ ಹೊತ್ತಿಗೆ, ಆಗಿಲ್ಲದಿದ್ದರೆ ಯಾಕಾಗಿಲ್ಲ ಅನ್ನುವುದೂ ತಿಳಿದಿರುತ್ತದೆ. ಹಾಸನದಲ್ಲಿ ತಿಂಡಿಗೆ ನಿಂತಾಗ ಅವನ ಕಡೆ ಒಂದು ವಡೆ ಹೆಚ್ಚಿಗೆ ಹೋಗುತ್ತದೆ. ಕಪ್ಪು ಬೋರ್ಡಿನ ಮೇಲೆ ಹಳದಿ ಅಕ್ಷರದ ಸೆಲ್ಫ್ ಡ್ರೈವ್ ಕಾರುಗಳು ಬೆಂಗಳೂರಲ್ಲಿ ಈಗ ಬೇಕಾದಷ್ಟು ಸಿಗುತ್ತವೆ. ಅಮ್ಮ ಅವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. "ದುಡ್ಡೂ ಕೊಟ್ಟು ನಾವೇ ಓಡಿಸೋದಾ?" ಅನ್ನುವುದು ಅವಳ ಪ್ರಶ್ನೆ. ಈ ಪ್ರಶ್ನೆಗೆ ಇವತ್ತಿಗೂ ನನ್ನ ಹತ್ತಿರ ಸರಿಯಾದ ಉತ್ತರ ಇಲ್ಲ.

ನಾವೇ ಓಡಿಸುವ ಈ ಪದ್ಧತಿ ದೊಡ್ಡದಾಗಿ ಬೆಳೆದದ್ದು ಅಮೆರಿಕದಲ್ಲಿ. 1918ರಲ್ಲಿ ಚಿಕಾಗೊದ ವಾಲ್ಟರ್ ಜೇಕಬ್ಸ್ ಅನ್ನುವ 22 ವರ್ಷದ ಹುಡುಗ, ಒಂದು ಡಜನ್ ಫೋರ್ಡ್ ಮಾಡೆಲ್ ಟಿ ಕಾರುಗಳನ್ನು ತಾನೇ ರಿಪೇರಿ ಮಾಡಿ, ತಾನೇ ಬಣ್ಣ ಹೊಡೆದು ಬಾಡಿಗೆಗೆ ಬಿಟ್ಟ. ಅದೇ ಮುಂದೆ ಹರ್ಟ್ಜ್ ಅನ್ನುವ ದೊಡ್ಡ ಬಾಡಿಗೆ ಕಾರಿನ ಕಂಪನಿ ಆಯಿತು. ವಿಮಾನ ಇಳಿದವರಿಗೆ ಅಲ್ಲೇ ಕಾರು ಕೊಟ್ಟರೆ ಹೇಗೆ ಅಂತ ವಾರೆನ್ ಏವಿಸ್‌ಗೆ ಹೊಳೆದದ್ದು 1946ರಲ್ಲಿ, ಡೆಟ್ರಾಯಿಟ್ ಹತ್ತಿರದ ವಿಲೋ ರನ್ ವಿಮಾನ ನಿಲ್ದಾಣದಲ್ಲಿ. ಇಬ್ಬರೂ ಬುದ್ಧಿವಂತರೇ. ಆದರೆ ಇಬ್ಬರಿಗೂ ನಮ್ಮಮ್ಮನಂಥ ಗಿರಾಕಿ ಸಿಕ್ಕಿರಲಿಲ್ಲ.

ನ್ಯೂಜಿಲೆಂಡಿನ ಸೌತ್ ಐಲೆಂಡ್ ನೋಡಲು ಹೊರಟಾಗ ಬೇರೆ ದಾರಿಯೇ ಇರಲಿಲ್ಲ. ಅಲ್ಲಿ ಡ್ರೈವರ್ ಸಮೇತ ಗಾಡಿ ಬೇಕೆಂದರೆ ಮನೆ ಅಡ ಇಡಬೇಕು. ಬಸ್ಸಿನಲ್ಲಿ ಹೋದರೆ ಅದು ನಿಂತಲ್ಲಿ ನಾವು ನಿಲ್ಲಬೇಕು. ಸಮಾಧಾನದ ವಿಷಯ ಅಂದರೆ ಅಲ್ಲೂ ನಮ್ಮ ಹಾಗೇ ಎಡಗಡೆ ಓಡಿಸುತ್ತಾರೆ, ಸ್ಟೇರಿಂಗ್ ಬಲಗಡೆ. ಲೈಸೆನ್ಸ್ ಇಂಗ್ಲಿಷಿನಲ್ಲಿದ್ದರೆ ಅದೇ ಸಾಕು, ಪ್ರವಾಸಿಗಳು ಓಡಿಸಬಹುದು. ಆದರೂ ನಮ್ಮೆಜಮಾನ್ರು ಬಿಡಲಿಲ್ಲ. ಆರ್‌ಟಿಓಗೆ ಹೋಗಿ, ಫಾರಂ ತುಂಬಿ, ಫೀಸು ಕಟ್ಟಿ ಇಂಟರ್‌ನ್ಯಾಶನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿದರು. ಆ ಪುಟ್ಟ ಪುಸ್ತಕವನ್ನು ಪಾಸ್‌ಪೋರ್ಟಿಗಿಂತ ಜೋಪಾನವಾಗಿ ಇಟ್ಟುಕೊಂಡರು. ಬಾಡಿಗೆ ಕಾರಿನ ಕೌಂಟರಿನ ಹುಡುಗಿ ಅದನ್ನು ಮುಟ್ಟಲೂ ಇಲ್ಲ. ಮಾಮೂಲಿ ಸ್ಮಾರ್ಟ್ ಕಾರ್ಡ್ ಸಾಕು ಅಂದಳು.

ಆಮೇಲೆ ಅವಳು ಕಾಗದ ಓದಲು ಶುರುಮಾಡಿದಳು. ನಮ್ಮ ಟ್ರಾವೆಲ್ಸಿನವರು ವಿಸಿಟಿಂಗ್ ಕಾರ್ಡಿನ ಹಿಂದೆ ಬರೆದುಕೊಡುವುದನ್ನು ಇಲ್ಲಿ ಸಣ್ಣ ಅಕ್ಷರದಲ್ಲಿ ಹಾಳೆಗಟ್ಟಲೆ ಅಚ್ಚು ಹಾಕಿರುತ್ತಾರೆ. ಕಾರಿಗೆ ಏನಾದರೂ ಆದರೆ ಮೊದಲ ಇಷ್ಟು ಸಾವಿರ ಡಾಲರ್ ನಮ್ಮದು, ಅದಕ್ಕೆ ಎಕ್ಸೆಸ್ ಅಂತ ಹೆಸರು. ಅದು ಬೇಡವೆಂದರೆ ದಿನಕ್ಕೆ ಇಷ್ಟು ಕೊಟ್ಟು ಎಕ್ಸೆಸ್ ಕಡಿಮೆ ಮಾಡಿಸಿಕೊಳ್ಳಬಹುದು. ಗಾಜು ಮತ್ತು ಟೈರು ಅದರಲ್ಲಿ ಸೇರುವುದಿಲ್ಲ, ಅದಕ್ಕೆ ಇನ್ನೊಂದು. ಕಾರಿನ ಹೊಟ್ಟೆಗೆ ಏಟು ಬಿದ್ದರೆ ಯಾವುದರಲ್ಲೂ ಸೇರುವುದಿಲ್ಲ. ಕ್ವೀನ್ಸ್‌ಟೌನ್ ಹತ್ತಿರದ ಸ್ಕಿಪ್ಪರ್ಸ್ ರಸ್ತೆಗೆ ಹೋಗುವಂತಿಲ್ಲ, ಹೋದರೆ ಇನ್ಶೂರೆನ್ಸ್ ಇಲ್ಲ. ಚಿನ್ನ ಅಗೆಯುವವರ ಕಾಲದಲ್ಲಿ ಬಂಡೆ ಕಡಿದು ಮಾಡಿದ ರಸ್ತೆ ಅದು, ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಪ್ರಪಾತ. ನಾರ್ತ್ ಐಲೆಂಡಿನ ನೈಂಟಿ ಮೈಲ್ ಬೀಚಿಗೂ ಕಾರು ಇಳಿಸುವಂತಿಲ್ಲ. ಆ ಬೀಚು ಇರುವುದು ಸಮುದ್ರದ ಆಚೆ, ಇನ್ನೊಂದು ದ್ವೀಪದ ತುದಿಯಲ್ಲಿ. ಆದರೂ ಹೇಳಿದಳು. ನಾವೂ ಸೀರಿಯಸ್ಸಾಗಿ ತಲೆಯಾಡಿಸಿದೆವು.

ನಮ್ಮೂರಿನಲ್ಲಿ ಇಷ್ಟೆಲ್ಲಾ ಯಾರ ತಲೆಯ ಮೇಲಿತ್ತು? ಡ್ರೈವರಿನ ತಲೆಯ ಮೇಲೆ. ಪಂಕ್ಚರ್ ಆದರೆ ಅವನು, ಪೊಲೀಸ್ ಹಿಡಿದರೆ ಅವನು, ಗೀರು ಬಿದ್ದರೆ ಓನರ್ ಹತ್ತಿರ ಬೈಸಿಕೊಳ್ಳುವವನೂ ಅವನೇ. ನಾವು ಹಿಂದಿನ ಸೀಟಿನಲ್ಲಿ ಕಡಲೆಕಾಯಿ ತಿನ್ನುತ್ತಾ "ಏನಾಯ್ತಪ್ಪಾ?" ಅಂತ ಕೇಳಿದರೆ ಮುಗಿಯಿತು. ಎಕ್ಸೆಸ್ ಅನ್ನುವುದು ಅಲ್ಲೂ ಇತ್ತು ಅನ್ನಿ. ನಮ್ಮ ಸಹಿ ಇರಲಿಲ್ಲ ಅಷ್ಟೇ.

ಯಾರ್ಡಿನಲ್ಲಿ ಕಾರು ತೋರಿಸಿದರು. ಬೆಳ್ಳಿ ಬಣ್ಣದ, ಸ್ವಲ್ಪ ವಯಸ್ಸಾದ ಗಾಡಿ. ನ್ಯೂಜಿಲೆಂಡಿಗೆ ಜಪಾನಿನಿಂದ ಸೆಕೆಂಡ್ ಹ್ಯಾಂಡ್ ಕಾರುಗಳು ಹಡಗುಗಟ್ಟಲೆ ಬರುತ್ತವೆ. ಕಡಿಮೆ ಬಾಡಿಗೆಯ ಕಂಪನಿಗಳಲ್ಲಿ ಅವೇ ಜಾಸ್ತಿ. ನಮ್ಮೆಜಮಾನ್ರು ಫೋನ್ ತೆಗೆದು ಸುತ್ತಲೂ ವಿಡಿಯೋ ಮಾಡಿದರು. ಇದ್ದ ಗೀರುಗಳನ್ನೆಲ್ಲ ಬೆರಳಿಟ್ಟು ತೋರಿಸಿ, ಬಾಯಲ್ಲಿ ಜೋರಾಗಿ ಹೇಳಿ ರೆಕಾರ್ಡ್ ಮಾಡಿಕೊಂಡರು. ಮಗಳನ್ನು ನೋಡಲು ಬಂದ ಗಂಡಿನ ಕಡೆಯವರೂ ಇಷ್ಟು ಕೂಲಂಕಷವಾಗಿ ನೋಡುವುದಿಲ್ಲ. ನಮ್ಮ ಸ್ವಂತ ಕಾರಿನ ಹಿಂದಿನ ಬಂಪರ್ ಒಡೆದು ಎಷ್ಟು ಕಾಲವಾಯಿತೋ, ಅದರ ಕಡೆ ಇವರು ತಿರುಗಿಯೂ ನೋಡಿಲ್ಲ.

ಅಮ್ಮನದು ಬೇರೆ ತಕರಾರು. "ಪೂಜೆ ಮಾಡದೆ ಹೊಸ ಗಾಡಿ ಹತ್ತೋದಾ?" ಊರಿಂದ ನಿಂಬೆಹಣ್ಣು ತಂದಿರಲಿಲ್ಲ, ಸದ್ಯ. ನ್ಯೂಜಿಲೆಂಡಿನಲ್ಲಿ ಹಣ್ಣು ತಂದು ಹೇಳದೆ ಇದ್ದರೆ ವಿಮಾನ ನಿಲ್ದಾಣದಲ್ಲೇ 400 ಡಾಲರ್ ದಂಡ. ಅವಳ ಕೋಡುಬಳೆ, ಚಟ್ನಿಪುಡಿಯನ್ನೆಲ್ಲ ಫಾರಂನಲ್ಲಿ ಬರೆದು, ಆಫೀಸರ್‌ಗೆ ತೋರಿಸಿಯೇ ಒಳಗೆ ಬಂದಿದ್ದೆವು. ಕೊನೆಗೆ ಕ್ರೈಸ್ಟ್‌ಚರ್ಚಿನ ಸೂಪರ್‌ಮಾರ್ಕೆಟಿನಲ್ಲಿ ಮುಷ್ಟಿ ಗಾತ್ರದ ಹಳದಿ ನಿಂಬೆಹಣ್ಣು ಕೊಂಡು, ಪಾರ್ಕಿಂಗಿನ ಮೂಲೆಯಲ್ಲಿ ಮುಂದಿನ ಎರಡು ಚಕ್ರದ ಕೆಳಗೆ ಇಟ್ಟೆವು. ನಾನು ನಿಧಾನಕ್ಕೆ ಬ್ರೇಕ್ ಬಿಟ್ಟೆ. ಒಂದು ಚಪ್ ಅಂತು. ಇನ್ನೊಂದು ಉರುಳಿ ಪಕ್ಕದ ಕಾರಿನಡಿ ಹೋಯಿತು. ನಮ್ಮೆಜಮಾನ್ರು ಬಗ್ಗಿ ಅದನ್ನು ಹುಡುಕುವಾಗ, ಟ್ರಾಲಿ ತಳ್ಳಿಕೊಂಡು ಬಂದ ಆ ಕಾರಿನ ಯಜಮಾನ ಏನಾದರೂ ಸಹಾಯ ಬೇಕಾ ಅಂತ ಕೇಳಿದ. ಇಂಥದ್ದಕ್ಕೆ ಇಂಗ್ಲಿಷಿನಲ್ಲಿ ಚಿಕ್ಕ ಉತ್ತರ ಇರುವುದಿಲ್ಲ.

ಗಾಡಿ ಸ್ಟಾರ್ಟ್ ಮಾಡಿದಾಗೆಲ್ಲ ಒಳಗಿನಿಂದ ಒಬ್ಬ ಹೆಂಗಸು ಜಪಾನಿ ಭಾಷೆಯಲ್ಲಿ ಏನೋ ಹೇಳುತ್ತಿದ್ದಳು. ಬಹಳ ವಿನಯದ ದನಿ. ಜಪಾನಿನ ಟೋಲ್ ಕಾರ್ಡ್ ಹಾಕಿಲ್ಲ ಅಂತ ಅವಳ ದೂರು. ಆ ಕಾರು ಜಪಾನ್ ಬಿಟ್ಟು ಎಷ್ಟೋ ಕಾಲ ಆಗಿದೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಗಾಡಿಯಲ್ಲಿ ಡ್ರೈವರಿಲ್ಲ ಅಂತ ಬೇಜಾರಾಗಿದ್ದ ಅಮ್ಮ ಅವಳನ್ನೇ ಹಚ್ಚಿಕೊಂಡಳು. ದಿನಾ ಬೆಳಗ್ಗೆ ಅವಳು ಮಾತಾಡಿದ ಕೂಡಲೇ "ಆಯ್ತಮ್ಮಾ, ಹೊರಟ್ವಿ" ಅನ್ನುತ್ತಿದ್ದಳು.

ರಸ್ತೆ ಸುಖವಾಗಿತ್ತು. ಸುಖ ಅಂದರೆ ಖಾಲಿ. ಪ್ರವಾಸಿಗಳು ಮರೆಯದಿರಲಿ ಅಂತ ಅಲ್ಲಲ್ಲಿ ಎಡಗಡೆಯ ಲೇನಿನಲ್ಲಿ ಬಾಣದ ಗುರುತು ಬಿಡಿಸಿದ್ದಾರೆ. ಎಡಗಡೆ ಓಡಿಸುವುದನ್ನು ನಮಗೇ ಹೇಳಿಕೊಡ್ತೀರಾ ಅಂತ ನಕ್ಕೆವು. ಆಮೇಲೆ ಯೋಚಿಸಿದರೆ ನಮ್ಮೂರಿನ ಎಡಗಡೆ ಬೇರೆ, ಅವರ ಎಡಗಡೆ ಬೇರೆ. ನಮ್ಮಲ್ಲಿ ಅದು ಒಂದು ಸಲಹೆ. ಹಾರ್ನ್ ಅಂತೂ ಬೇಕಾಗಲೇ ಇಲ್ಲ. ನನ್ನ ಹೆಬ್ಬೆರಳು ಮಾತ್ರ ತಿರುವು ಬಂದಾಗೆಲ್ಲ ಸುಮ್ನೆ ಅಲ್ಲಿಗೆ ಹೋಗಿ ವಾಪಸ್ ಬರುತ್ತಿತ್ತು.

ನನಗೆ ತುಂಬಾ ಹಿಡಿಸಿದ್ದು ಒಂದೇ ಲೇನಿನ ಸೇತುವೆಗಳು. ಸೌತ್ ಐಲೆಂಡಿನಲ್ಲಿ ಹೆದ್ದಾರಿಯ ಮೇಲೂ ಇಂಥವು ಸಿಗುತ್ತವೆ. ಸೇತುವೆಗೆ ಮುಂಚೆ ಬೋರ್ಡು ಇರುತ್ತದೆ. ನೀಲಿ ಚೌಕದಲ್ಲಿ ನಮ್ಮ ಕಡೆಯ ಬಾಣ ದೊಡ್ಡದಾಗಿ ಬಿಳಿ ಇದ್ದರೆ ಮೊದಲ ಹಕ್ಕು ನಮ್ಮದು. ಕೆಂಪು ಅಂಚಿನ ದುಂಡು ಬೋರ್ಡಿನಲ್ಲಿ ನಮ್ಮ ಬಾಣ ಚಿಕ್ಕದಾಗಿ ಕೆಂಪಗಿದ್ದರೆ ನಿಂತು ದಾರಿ ಬಿಡಬೇಕು. ಇಷ್ಟೇ. ಪೊಲೀಸ್ ಇಲ್ಲ, ಸಿಗ್ನಲ್ ಇಲ್ಲ. ಎದುರಿನಿಂದ ಬರುವ ಹಾಲಿನ ಟ್ಯಾಂಕರ್ ನಮ್ಮ ಚಿಕ್ಕ ಕಾರಿಗಾಗಿ ಆ ತುದಿಯಲ್ಲಿ ನಿಂತಿರುತ್ತದೆ. ನಾವು ದಾಟುವಾಗ ಅದರ ಡ್ರೈವರ್ ಸ್ಟೇರಿಂಗ್ ಮೇಲಿಂದ ಒಂದೇ ಒಂದು ಬೆರಳು ಎತ್ತುತ್ತಾನೆ. ನಾವೂ ಎತ್ತಬೇಕು. ಅಮ್ಮ ಒಂದು ಬೆರಳಿನಲ್ಲಿ ಏನು ಜಿಪುಣತನ ಅಂತ ಎರಡೂ ಕೈ ಮುಗಿಯುತ್ತಿದ್ದಳು. ಚನ್ನಪಟ್ಟಣದ ಹತ್ತಿರ ಇಂಥ ಸೇತುವೆ ಮಾಡಿದರೆ ಎರಡೂ ಕಡೆಯ ಮೊದಲ ಗಾಡಿಗಳು ನಡುಮಧ್ಯದಲ್ಲಿ ಮುಖಾಮುಖಿ ನಿಂತು, ಹಿಂದೆ ಹೋಗುವವರು ಯಾರು ಅಂತ ಸಂಜೆಯವರೆಗೆ ತೀರ್ಮಾನ ಆಗುತ್ತಿರಲಿಲ್ಲ.

ಕಷ್ಟ ಬಂದದ್ದು ಬೇರೆ ಕಡೆ. ಊರಾಚೆ ರಸ್ತೆಯಲ್ಲಿ ಗಂಟೆಗೆ 100 ಕಿಲೋಮೀಟರ್ ಮಿತಿ. ಕಿರಿದಾದ, ಹಾವಿನಂತೆ ಹೊರಳುವ ರಸ್ತೆಗೂ ಎಷ್ಟೋ ಕಡೆ ಅದೇ. ತಿರುವಿನಲ್ಲಿ ಹಳದಿ ಬೋರ್ಡು 35 ಸಾಕು, 25 ಸಾಕು ಅನ್ನುತ್ತದೆ. ನಾನು ಬೋರ್ಡು ಹೇಳಿದ್ದಕ್ಕಿಂತ ಇನ್ನೂ ಸ್ವಲ್ಪ ಕಡಿಮೆಯಲ್ಲೇ ಹೋಗುತ್ತಿದ್ದೆ. ಹಿಂದೆ ಮೆಲ್ಲಗೆ ಮೆರವಣಿಗೆ ಬೆಳೆಯುತ್ತಿತ್ತು. ಅಲ್ಲಲ್ಲಿ ನಿಧಾನದ ಗಾಡಿಗಳಿಗೆ ಅಂತಲೇ ಪಕ್ಕಕ್ಕೆ ಜಾಗ ಬಿಟ್ಟಿರುತ್ತಾರೆ. ಎಡಕ್ಕೆ ಸರಿದರೆ ಎಲ್ಲರೂ ಒಂದು ಪುಟ್ಟ ಹಾರ್ನ್ ಮಾಡಿ ಥ್ಯಾಂಕ್ಸ್ ಹೇಳಿ ಹೋಗುತ್ತಾರೆ. ಆ ದೇಶದಲ್ಲಿ ನಾನು ಕೇಳಿದ ಹಾರ್ನ್‌ಗಳೆಲ್ಲ ಥ್ಯಾಂಕ್ಸೇ.

ಇನ್ನೊಂದು, ಚಹಾ. ನಮ್ಮ ಡ್ರೈವರ್ ಇದ್ದಿದ್ದರೆ ಮೂರೂವರೆಗೆ ಎಲ್ಲಿ ನಿಲ್ಲಿಸಬೇಕು ಅಂತ ಎರಡು ಗಂಟೆಗೇ ಗೊತ್ತಿರುತ್ತಿತ್ತು. ಅಲ್ಲಿನ ಸಣ್ಣ ಊರುಗಳ ಕೆಫೆಗಳು ಬೆಳಗ್ಗೆ ಬೇಗ ತೆಗೆದು ಮಧ್ಯಾಹ್ನವೇ ಬಾಗಿಲು ಹಾಕುತ್ತವೆ. ನಮಗೆ ಚಹಾ ನೆನಪಾಗುವ ಹೊತ್ತಿಗೆ ಅವರು ಕುರ್ಚಿ ಮಗುಚಿ ಮೇಜಿನ ಮೇಲಿಟ್ಟಿರುತ್ತಾರೆ. ಪೆಟ್ರೋಲ್ ಬಂಕಿನಲ್ಲೂ "ಮೇಡಂ, ಜೀರೋ ನೋಡ್ಕೊಳ್ಳಿ" ಅನ್ನುವವರಿಲ್ಲ. ನಾವೇ ಇಳಿದು, ನಾವೇ ಹಾಕಿಕೊಂಡು, ನಾವೇ ಜೀರೋ ನೋಡಿಕೊಳ್ಳಬೇಕು.

ಎಲ್ಲಕ್ಕಿಂತ ದೊಡ್ಡ ನಷ್ಟ ಓಡಿಸುವವರದು. ಟೆಕಾಪೊ ಸರೋವರದ ಆ ನೀಲಿ, ಪುಕಾಕಿ ದಂಡೆಯಿಂದ ಕಾಣುವ 3,724 ಮೀಟರಿನ ಮೌಂಟ್ ಕುಕ್, ಇದನ್ನೆಲ್ಲ ಸರಿಯಾಗಿ ನೋಡಿದ್ದು ಹಿಂದಿನ ಸೀಟಿನಲ್ಲಿದ್ದ ಅಮ್ಮ. ನಾನು ನೋಡಿದ್ದು ಬಿಳಿ ಗೆರೆ. "ಅಯ್ಯೋ ಅಲ್ನೋಡು, ಅಲ್ನೋಡು" ಅನ್ನುತ್ತಾಳೆ. ನೋಡಿದರೆ "ರಸ್ತೆ ನೋಡ್ಕೊಂಡು ಓಡಿಸೇ" ಅನ್ನುತ್ತಾಳೆ. ನಮ್ಮ ಘಟ್ಟಗಳಲ್ಲಿ ವರ್ಷವಿಡೀ ಗಾಡಿ ಓಡಿಸುವ ಹುಡುಗರು ಜಲಪಾತ ಬಂದಾಗ ಗಾಡಿ ನಿಲ್ಲಿಸಿ, ತಾವು ಮಾತ್ರ ಫೋನ್ ನೋಡುತ್ತಾ ನಿಲ್ಲುವುದನ್ನು ಕಂಡು ಇವರಿಗೆ ರಸಿಕತೆಯೇ ಇಲ್ಲ ಅಂದುಕೊಂಡವರಲ್ಲಿ ನಾನೂ ಒಬ್ಬಳು. ಪಾಪ, ಕಣ್ಣಿಗೆ ಬಿಡುವು ಸಿಗುವುದೇ ಅಷ್ಟು ಹೊತ್ತು.

ಟೆ ಅನೌದಿಂದ ಮಿಲ್ಫೋರ್ಡ್ ಸೌಂಡಿಗೆ ಸುಮಾರು 120 ಕಿಲೋಮೀಟರ್. ದಾರಿಯಲ್ಲಿ ಹೋಮರ್ ಸುರಂಗ ಬರುತ್ತದೆ. 1935ರಲ್ಲಿ ಕೆಲವೇ ಆಳುಗಳು ಗುದ್ದಲಿ, ಕೈಗಾಡಿ ಹಿಡಿದು ಶುರುಮಾಡಿದ ಕೆಲಸ. ನಡುವೆ ಹಿಮಪಾತ, ಯುದ್ಧ ಎಲ್ಲಾ ಬಂದು, ಗಾಡಿ ಓಡಾಡಿದ್ದು 1954ರಲ್ಲಿ. ಉದ್ದ ಒಂದೂಕಾಲು ಕಿಲೋಮೀಟರ್ ಅಷ್ಟೇ. ಒಳಗೆ ಹತ್ತಕ್ಕೆ ಒಂದರಂತೆ ಇಳಿಜಾರು, ಗೋಡೆ ಒರಟು ಬಂಡೆ, ಮೇಲಿಂದ ನೀರು ತೊಟ್ಟಿಕ್ಕುತ್ತದೆ. ಸಿಗ್ನಲ್ ಹಸಿರಾಗುವವರೆಗೆ ಸಾಲಿನಲ್ಲಿ ಕಾಯಬೇಕು.

ಆ ಸಾಲಿನಲ್ಲೇ ಕಿಯಾ ಹಕ್ಕಿಗಳು ಬಂದವು. ಆಲಿವ್ ಹಸಿರಿನ ದಪ್ಪ ಗಿಳಿ, ರೆಕ್ಕೆಯಡಿ ಕಿತ್ತಳೆ ಬಣ್ಣ, ಕೆಳಕ್ಕೆ ಬಾಗಿದ ಉದ್ದ ಕೊಕ್ಕು. ಹಿಮದ ಬೆಟ್ಟದಲ್ಲಿ ಬಾಳುವ ಗಿಳಿ ಲೋಕದಲ್ಲಿ ಇದೊಂದೇ. ಕಾರುಗಳ ರಬ್ಬರ್ ಕಿತ್ತು ಆಡುವುದು ಇದರ ಖಯಾಲಿ. ಒಂದು ನಮ್ಮ ಬಾನೆಟ್ ಮೇಲೆ ಧಪ್ ಅಂತ ಕೂತಿತು. ತಲೆ ಓರೆ ಮಾಡಿ ನನ್ನನ್ನು ನೋಡಿತು. ಆಮೇಲೆ ಗಾಜಿನ ಅಂಚಿನ ರಬ್ಬರ್ ಪಟ್ಟಿಯನ್ನು ಕೊಕ್ಕಿನಲ್ಲಿ ಹಿಡಿದು, ಹಿಂದಕ್ಕೆ ಒರಗಿ, ಎರಡೂ ಕಾಲು ಊರಿ ಎಳೆಯಿತು. ನಮ್ಮೆಜಮಾನ್ರು ಕರಾರಿನ ಕಾಗದ ತೆಗೆದು ಗಿಳಿಯ ವಿಷಯ ಯಾವ ಕಲಮಿನಲ್ಲಿದೆ ಅಂತ ಹುಡುಕತೊಡಗಿದರು. ಕಿಯಾ ಕಾನೂನಿನ ರಕ್ಷಣೆ ಇರುವ ಹಕ್ಕಿ, ತಿನ್ನಲು ಏನೂ ಕೊಡುವಂತಿಲ್ಲ, ಗದರಿಸಿದರೆ ಅದು ಕೇರೇ ಮಾಡುವುದಿಲ್ಲ. ವೈಪರ್ ಆನ್ ಮಾಡಿದೆ. ಅದು ಖುಷಿಯಾಗಿ ವೈಪರ್ ಹಿಡಿಯಲು ಹೋಯಿತು. ಸಿಗ್ನಲ್ ಹಸಿರಾದಾಗ ಹಿಂದಿನ ಕಾರಿಗೆ ಹಾರಿತು. ನಮ್ಮ ಪಟ್ಟಿಯ ಒಂದು ತುಂಡು ಅದರ ಬಾಯಲ್ಲಿತ್ತು.

ಕಾರು ವಾಪಸ್ ಕೊಡುವ ದಿನ ಅಮ್ಮನಿಗೆ ಒಂದೇ ಸಂಕಟ. ಟಿಪ್ಸ್ ಯಾರಿಗೆ ಕೊಡುವುದು? ಇಷ್ಟು ದಿನ ಕ್ಷೇಮವಾಗಿ ಸುತ್ತಿಸಿದ ಗಾಡಿ, ಬರಿಗೈಯಲ್ಲಿ ಕಳಿಸುವುದಾ? ಯಾರ್ಡಿನಲ್ಲಿ ಒಬ್ಬ ಎಳೆಯ ಹುಡುಗ ಟ್ಯಾಬ್ಲೆಟ್ ಹಿಡಿದು ಬಂದ. ಟೈರಿನಿಂದ ಶುರುಮಾಡಿ ಒಂದೊಂದೇ ನೋಡುತ್ತಾ ಗಾಜಿನ ಹತ್ತಿರ ನಿಂತ. ಬೆರಳಿನಲ್ಲಿ ರಬ್ಬರ್ ಸವರಿ "ಕಿಯಾ?" ಅಂತ ಕೇಳಿದ. ನಾವಿಬ್ಬರೂ ಉಸಿರು ಬಿಗಿಹಿಡಿದು ತಲೆಯಾಡಿಸಿದೆವು. ಅಷ್ಟರಲ್ಲಿ ಅಮ್ಮ ಉಳಿದಿದ್ದ ಕೋಡುಬಳೆ ಪ್ಯಾಕೆಟ್ಟು ಅವನ ಕೈಗೆ ತುರುಕಿ, ಊಟ ಆಯಿತಾ ಅಂತ ಕನ್ನಡದಲ್ಲೇ ಕೇಳಿದಳು. ಅವನು ಅಲ್ಲೇ ಒಂದು ಬಾಯಿಗೆ ಹಾಕಿಕೊಂಡು, ಕಣ್ಣರಳಿಸಿ, ಇನ್ನೊಂದು ತೆಗೆದ. ಎಣ್ಣೆ ಬೆರಳಿನಲ್ಲೇ ಟ್ಯಾಬ್ಲೆಟ್ ಮೇಲೆ ಒತ್ತಿ, ಎಲ್ಲಾ ಸರಿಯಿದೆ ಅಂತ ಹೇಳಿ ಕೀ ತೆಗೆದುಕೊಂಡ.

ಕೋಡುಬಳೆಯಿಂದಲೇ ಗಿಳಿಯ ಲೆಕ್ಕ ಚುಕ್ತಾ ಆಯಿತು ಅಂತ ಅಮ್ಮ ಬಂದುಹೋದವರಿಗೆಲ್ಲ ಹೇಳುತ್ತಾಳೆ. ಗಾಜಿನ ಇನ್ಶೂರೆನ್ಸ್ ಬೇರೆ ಕಟ್ಟಿದ್ದಕ್ಕೆ ಆಯಿತು ಅನ್ನುವುದು ನಮ್ಮೆಜಮಾನ್ರ ವಾದ. ರಸೀದಿ ಇನ್ನೂ ಇಟ್ಟುಕೊಂಡಿದ್ದಾರೆ, ಬೇಕಿದ್ದವರಿಗೆ ತೋರಿಸುತ್ತಾರೆ.