ನಾಲ್ವರು ಅಪರಿಚಿತರ ಕೃಪೆ

ವ್ಯಾಲರೆಂಟ್ ಆಡುವವರಲ್ಲಿ ತನ್ನಿಂದಾಗಿ ಸೋತವನನ್ನು ನಾನು ಇಂದಿನವರೆಗೆ ಕಂಡಿಲ್ಲ. ಸೋಲಿಗೆ ಕಾರಣರು ಯಾವಾಗಲೂ ಉಳಿದ ನಾಲ್ವರು. ಒಬ್ಬ ನಿದ್ದೆಗಣ್ಣಿನಲ್ಲಿದ್ದ, ಇನ್ನೊಬ್ಬನಿಗೆ ನಕ್ಷೆಯೇ ಗೊತ್ತಿರಲಿಲ್ಲ, ಮೂರನೆಯವನು ಬಾಯೇ ಬಿಡಲಿಲ್ಲ, ನಾಲ್ಕನೆಯವನು ಬಾಯಿ ಮುಚ್ಚಲೇ ಇಲ್ಲ. ಗೆದ್ದ ದಿನ ಮಾತ್ರ ಈ ನಾಲ್ವರು ಎಲ್ಲಿ ಹೋಗುತ್ತಾರೋ ತಿಳಿಯದು. ಆ ದಿನ ನಮ್ಮ ಕೈ ಕುದುರಿತ್ತು, ಅಷ್ಟೇ.

ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. ಅಮೆರಿಕದ ರಯಟ್ ಗೇಮ್ಸ್ 2020ರ ಜೂನ್‌ನಲ್ಲಿ ಹೊರತಂದ ಬಂದೂಕಿನ ಆಟ ಇದು. ಐವರಿಗೆ ಐವರು ಎದುರಾಳಿಗಳು. ಒಂದು ತಂಡ ಸ್ಪೈಕ್ ಎಂಬ ಬಾಂಬನ್ನು ಇಡಬೇಕು, ಇನ್ನೊಂದು ಅದನ್ನು ತಡೆಯಬೇಕು. ಹನ್ನೆರಡು ಸುತ್ತುಗಳಾದ ಮೇಲೆ ಪಾತ್ರ ಅದಲುಬದಲಾಗುತ್ತದೆ. ಮೊದಲು 13 ಸುತ್ತು ಗೆದ್ದವರದ್ದು ಪಂದ್ಯ. ಮುಗಿಯುವ ಹೊತ್ತಿಗೆ ಅರ್ಧ ಗಂಟೆ ದಾಟಿರುತ್ತದೆ, ಒಲೆಯ ಮೇಲಿಟ್ಟ ಹಾಲು ಏನಾಯಿತೆಂಬುದು ಅವರವರ ಮನೆಯ ವಿಚಾರ.

ರ‍್ಯಾಂಕ್ ಪಂದ್ಯಗಳಿಗೆ ಬೇರೆಯೇ ಒಂದು ಏಣಿ ಇದೆ. ತಳದಲ್ಲಿ ಐರನ್, ಅದರ ಮೇಲೆ ಬ್ರಾಂಜ್, ಸಿಲ್ವರ್, ಗೋಲ್ಡ್, ಪ್ಲಾಟಿನಂ, ಡೈಮಂಡ್. 2022ರಲ್ಲಿ ಅಸೆಂಡೆಂಟ್ ಎಂಬ ಹೊಸ ಅಂತಸ್ತೊಂದನ್ನು ನಡುವೆ ತೂರಿಸಿದರು. ಆಮೇಲೆ ಇಮ್ಮಾರ್ಟಲ್, ಕಟ್ಟಕಡೆಗೆ ರೇಡಿಯಂಟ್, ಅದು ಒಂದೊಂದು ಪ್ರದೇಶದ ಮೊದಲ 500 ಮಂದಿಗೆ ಮಾತ್ರ. ನಮ್ಮಂಥವರು ಓಡಾಡುವ ಅಂತಸ್ತುಗಳಲ್ಲಿ ಮೂರು ಮೂರು ಮೆಟ್ಟಿಲು, ಮೆಟ್ಟಿಲಿಗೆ 100 ಅಂಕ. ಗೆದ್ದರೆ ಇಪ್ಪತ್ತರ ಆಸುಪಾಸು ಏರುತ್ತದೆ, ಸೋತರೆ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಒಂದು ಭಾನುವಾರ ಬೆಳಗಿನಿಂದ ಸಂಜೆಯವರೆಗೆ ಆಡಿ, ಕಣ್ಣು ಕೆಂಪಾಗಿಸಿಕೊಂಡು, ಎದ್ದಾಗ ಇದ್ದ ಜಾಗದಲ್ಲೇ ಮಲಗುವಾಗಲೂ ಇರುವುದು ಇಲ್ಲಿ ಸಾಮಾನ್ಯ ಸಂಗತಿ.

ಇಂಥ ಅಂಕಪದ್ಧತಿಗಳ ಮೂಲಪುರುಷ ಅರ್ಪಾಡ್ ಎಲೋ, ಹಂಗೇರಿಯಲ್ಲಿ ಹುಟ್ಟಿ ಅಮೆರಿಕದ ಮಿಲ್ವಾಕಿಯಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಪ್ರಾಧ್ಯಾಪಕ. ಆತ ಲೆಕ್ಕ ಹಾಕಿದ್ದು ಚದುರಂಗಕ್ಕಾಗಿ. 1970ರಲ್ಲಿ ವಿಶ್ವ ಚದುರಂಗ ಸಂಸ್ಥೆಯೂ ಅದನ್ನು ಒಪ್ಪಿಕೊಂಡಿತು. ಚದುರಂಗದಲ್ಲಿ ಸೋತವನಿಗೆ ಬೈಯಲು ಯಾರೂ ಸಿಗುವುದಿಲ್ಲ. ತನ್ನ ಕುದುರೆ ಸರಿಯಾಗಿ ಓಡಲಿಲ್ಲ ಎಂದು ಯಾವ ಗ್ರ್ಯಾಂಡ್‌ಮಾಸ್ಟರನೂ ದೂರಿದ್ದಿಲ್ಲ. ಅದೇ ಬಗೆಯ ಲೆಕ್ಕವನ್ನು ಐದೈದು ಜನರ ತಂಡಕ್ಕೆ ತಂದು ಹಚ್ಚಿದ ದಿನವೇ ಮನುಷ್ಯನಿಗೆ ಹೊಸದೊಂದು ನೆಪ ದೊರಕಿತು. ತಾನು ಇರಬೇಕಾದ ಅಂತಸ್ತು ಬೇರೆ, ಅಯೋಗ್ಯ ಜೊತೆಗಾರರಿಂದಾಗಿ ಇಲ್ಲಿ ಸಿಕ್ಕಿಬಿದ್ದಿದ್ದೇನೆ ಎಂದು ನಂಬುವ ಸ್ಥಿತಿಗೆ ಆಟಗಾರರು ಎಲೋ ಹೆಲ್ ಎಂದು ಹೆಸರಿಟ್ಟಿದ್ದಾರೆ. ಅಂಕ ಕಂಡುಹಿಡಿದ ಪ್ರಾಧ್ಯಾಪಕರ ಹೆಸರು ನರಕಕ್ಕೆ ಅಂಟಿಕೊಂಡಿತು.

ಗಣಿತದ ಸಮಾಧಾನವೇನೋ ಇದೆ. ನನ್ನ ಕಡೆ ನಾನೊಬ್ಬ, ಜೊತೆಗೆ ನಾಲ್ವರು ಅಪರಿಚಿತರು. ಎದುರು ಕಡೆ ಐವರೂ ಅಪರಿಚಿತರು. ನಾನು ಚೆನ್ನಾಗಿ ಆಡುವವನಾದರೆ, ದಡ್ಡ ಸಿಗುವ ಸಂಭವ ಅವರ ಕಡೆಗೇ ಹೆಚ್ಚು. ಸಾಲಾಗಿ ಆಡುತ್ತ ಹೋದರೆ ಆ ಚಿಕ್ಕ ವ್ಯತ್ಯಾಸವೇ ಮೇಲಕ್ಕೆ ತಳ್ಳುತ್ತದೆ. ಆದರೆ ಈ ಲೆಕ್ಕ ಒಂದು ಋತುವಿಗೆ ಸರಿ, ಒಂದು ರಾತ್ರಿಗೆ ಅಲ್ಲ. ರಾತ್ರಿ ಹನ್ನೊಂದೂವರೆಗೆ ಸತತವಾಗಿ ಸೋಲುತ್ತಿರುವವನ ಮುಂದೆ ಸಂಭವನೀಯತೆಯ ಸಿದ್ಧಾಂತ ಇಟ್ಟರೆ ಅವನು ಕೀಲಿಮಣೆ ಎತ್ತಿ ಎಸೆದಾನು.

ತಂಟೆ ಶುರುವಾಗುವುದು ಬಂದೂಕಿಗೂ ಮೊದಲು, ಪಾತ್ರ ಆರಿಸುವ ಪರದೆಯಲ್ಲಿ. ಮದುವೆ ಮನೆಯ ಪಂಕ್ತಿಯಲ್ಲಿ ಹೋಳಿಗೆ ಬಡಿಸಲು ಹತ್ತು ಕೈ ಮುಂದಾಗುತ್ತವೆ, ಉಪ್ಪು ಹಾಕಿ ಬರಲು ಯಾರೂ ಸಿಗುವುದಿಲ್ಲವಲ್ಲ, ಹಾಗೆ. ಜೆಟ್, ರೇನಾ ಮುಂತಾದ ಡ್ಯುಯೆಲಿಸ್ಟ್‌ಗಳು ಮುನ್ನುಗ್ಗಿ ಕೊಲ್ಲುವವರು, ಹೆಸರು ಗಳಿಸುವವರು. ಪರದೆ ತೆರೆದ ಕ್ಷಣಕ್ಕೆ ಮೂವರು ಅವರನ್ನೇ ಹಿಡಿದು ಕೂರುತ್ತಾರೆ. ಹೊಗೆ ಹಾಕಿ ಎದುರಾಳಿಯ ಕಣ್ಣು ಮರೆಸುವ, ಹಿಂದಿನ ದಾರಿ ಕಾಯುವ, ಗಾಯಗೊಂಡವನನ್ನು ಗುಣಪಡಿಸುವ ಪಾತ್ರಗಳು ಮೂಲೆಯಲ್ಲಿ ಉಳಿಯುತ್ತವೆ. 2022ರ ಅಕ್ಟೋಬರ್‌ನಲ್ಲಿ ಬಂದ ಹಾರ್ಬರ್ ಭಾರತದ ಕರಾವಳಿಯವನು, ನೀರಿನ ಗೋಡೆ ಎಬ್ಬಿಸಿ ತಂಡಕ್ಕೆ ಮರೆ ಒದಗಿಸುವವನು. ನಮ್ಮ ಪಂದ್ಯಗಳು ನಡೆಯುವುದೂ ಮುಂಬೈಯ ಸರ್ವರಿನಲ್ಲಿಯೇ. ಆದರೂ ನನಗೆ ಸಿಕ್ಕ ತಂಡಗಳಲ್ಲಿ ಈ ನೀರು ಬಡಿಸುವವನಿಗೆ ಕೈಯೆತ್ತಿದವರು ವಿರಳ. ಹೀಗಾಗಿ ಉಪ್ಪಿನ ಬಟ್ಟಲು ಬಹುತೇಕ ನನ್ನ ಕೈಗೇ ಬರುತ್ತದೆ. ಹೊಗೆ ಹಾಕುವುದು ನನಗೆ ಒಗ್ಗಿಯೂ ಹೋಗಿದೆ, ವಯಸ್ಸಿಗೂ ಒಪ್ಪುತ್ತದೆ. ಮೈಕಿನಲ್ಲಿ ನನ್ನ ದನಿ ಕೇಳಿದ ಕೂಡಲೇ ಹುಡುಗರು ಅಂಕಲ್ ಎನ್ನುವುದರಿಂದ, ಜೆಟ್ ಆಗಿ ಹಾರಾಡುವ ಧೈರ್ಯವೂ ಉಳಿದಿಲ್ಲ.

ಎರಡನೆಯ ತಂಟೆ ದುಡ್ಡಿನದು. ಈ ಆಟದ ಜೀವ ಇರುವುದು ಗುರಿಯಲ್ಲಿ ಎಂದು ಹುಡುಗರು ತಿಳಿದಿದ್ದಾರೆ, ನನಗೇನೋ ಕೈಚೀಲದಲ್ಲಿದೆ ಅನ್ನಿಸುತ್ತದೆ. ಪ್ರತಿ ಸುತ್ತಿನ ಮೊದಲು, ಸಾಮಾನ್ಯವಾಗಿ 30 ಸೆಕೆಂಡು, ಅಂಗಡಿ ತೆರೆದಿರುತ್ತದೆ. ಆರಂಭದಲ್ಲಿ ಕೈಗೆ ಸಿಗುವ ಆಟದೊಳಗಿನ ಹಣ 800. ಸೋತವರಿಗೂ ಅನುಕಂಪದ ಹಣ ಉಂಟು: ಮೊದಲ ಸೋಲಿಗೆ 1900, ಬೆನ್ನಲ್ಲೇ ಮತ್ತೆ ಸೋತರೆ 2400, ಆಮೇಲೆ 2900. ವ್ಯಾಂಡಲ್ ಎಂಬ ಒಳ್ಳೆಯ ಬಂದೂಕಿಗೆ 2900, ಗಟ್ಟಿ ಕವಚಕ್ಕೆ 1000. ಅಂದರೆ ಮೊದಲ ಸುತ್ತು ಸೋತಮೇಲೆ ಐವರೂ ಕೈ ಬಿಗಿಹಿಡಿದು, ಎರಡನೆಯ ಸುತ್ತನ್ನು ಬರಿಯ ಪಿಸ್ತೂಲಿನಲ್ಲಿ ಕಳೆದರೆ, ಮೂರನೆಯ ಸುತ್ತಿಗೆ ಐವರ ಬಳಿಯೂ ಬಂದೂಕು, ಕವಚ ಎರಡೂ ಇರುತ್ತವೆ. ಮನೆ ನಡೆಸಿದ ಯಾವ ಗೃಹಿಣಿಗಾದರೂ ಇದು ಒಂದೇ ಸಲಕ್ಕೆ ಅರ್ಥವಾಗುತ್ತದೆ. ನಮ್ಮ ನಾಲ್ವರಲ್ಲಿ ಒಬ್ಬನಿಗೆ ಆಗುವುದಿಲ್ಲ. ಅವನು ಎರಡನೆಯ ಸುತ್ತಿನಲ್ಲೇ 1600 ಕೊಟ್ಟು ಸ್ಪೆಕ್ಟರ್ ಎಂಬ ಅಗ್ಗದ ಬಂದೂಕು ತಂದು, ಒಬ್ಬನೇ ಓಡಿಹೋಗಿ, ಒಬ್ಬನೇ ಸತ್ತು, ಮೂರನೆಯ ಸುತ್ತಿಗೆ ಬರಿಗೈಯಲ್ಲಿ ನಿಂತು "ಭಾಯ್, ಡ್ರಾಪ್" ಎಂದು ಕೇಳುತ್ತಾನೆ. ನನಗೊಂದು ಬಂದೂಕು ಕೊಂಡು ಎಸೆಯಿರಿ ಎಂದರ್ಥ. ಎಲ್ಲರ ಬಳಿಯೂ ತಮ್ಮ ತಮ್ಮ ಬಂದೂಕಿಗೆ ಸಾಲುವಷ್ಟೇ ಇರುತ್ತದೆ. ಕೊಡದಿದ್ದರೆ ಮುನಿಸು. ಮುನಿಸಿಕೊಂಡವನು ಆಡುವುದಿಲ್ಲ, ಆಡದವನನ್ನು ಉಳಿದವರು ಬೈಯುತ್ತಾರೆ, ಬೈಸಿಕೊಂಡವನು ಸ್ಪೈಕನ್ನು ಕಟ್ಟಿಕೊಂಡು ಮೂಲೆಯಲ್ಲಿ ಕೂರುತ್ತಾನೆ.

ಇಲ್ಲಿ ಒಂದು ವ್ಯವಹಾರ ಕಲಿತಿದ್ದೇನೆ. ಮುಂದೆ ಎಂದಾದರೂ ಕೈಯಲ್ಲಿ ಆರೇಳು ಸಾವಿರ ಕೂಡಿದಾಗ (9000ಕ್ಕಿಂತ ಹೆಚ್ಚು ಈ ಚೀಲದಲ್ಲಿ ನಿಲ್ಲುವುದೂ ಇಲ್ಲ) ಚೆನ್ನಾಗಿ ಆಡುವವನಿಗೆ ಅಲ್ಲ, ಹೆಚ್ಚು ಗೊಣಗುವವನಿಗೆ ಮೊದಲ ವ್ಯಾಂಡಲ್ ಎಸೆಯುತ್ತೇನೆ, ಕೇಳುವ ಮೊದಲೇ. ಅವನು ಅದನ್ನು ಹಿಡಿದು ಯಾರನ್ನಾದರೂ ಕೊಲ್ಲುತ್ತಾನೆಂಬ ಭರವಸೆ ಇಲ್ಲ. ಆದರೆ ಮುಂದಿನ ನಾಲ್ಕೈದು ಸುತ್ತು ಅವನ ಬಾಯಲ್ಲಿ ಬೈಗುಳ ಬರುವುದಿಲ್ಲ. ಲಂಚ ಎನ್ನುವವರು ಎನ್ನಲಿ. ಆ ಅಂಗಡಿಯಲ್ಲಿ 2900ಕ್ಕೆ ಸಿಗುವ ಅತ್ಯುತ್ತಮ ವಸ್ತು ಬಂದೂಕಲ್ಲ, ಒಬ್ಬ ಕೋಪಿಷ್ಠನ ಮೌನ.

ಸತ್ತವರ ಉಪದೇಶದ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಸುತ್ತಿನಲ್ಲಿ ಸತ್ತವನಿಗೆ ಬದುಕಿರುವವನ ಕಣ್ಣಿನಿಂದ ಆಟ ಕಾಣುತ್ತದೆ, ಮೈಕು ಮಾತ್ರ ಸಾಯುವುದಿಲ್ಲ. ನಾಲ್ವರೂ ಸತ್ತು ನಾನೊಬ್ಬನೇ ಉಳಿದಿದ್ದೇನೆ, ಎದುರಾಳಿಯೂ ಒಬ್ಬನೇ, ಸ್ಪೈಕ್ ನೆಟ್ಟಾಗಿದೆ ಎಂದುಕೊಳ್ಳಿ. ಅದು ಸಿಡಿಯಲು 45 ಸೆಕೆಂಡು, ನಿಷ್ಕ್ರಿಯಗೊಳಿಸಲು 7 ಸೆಕೆಂಡು. ಅರ್ಧ, ಅಂದರೆ ಮೂರೂವರೆ ಸೆಕೆಂಡು ದಾಟಿದರೆ ಅಷ್ಟು ಕೆಲಸ ಜಮೆಯಾಗಿ ಉಳಿಯುತ್ತದೆ. ಬಿಟ್ಟು ಬಂದು ಮತ್ತೆ ಮುಂದುವರಿಸಬಹುದು. ಸ್ಪೈಕಿನ ಸದ್ದು ಬರಬರುತ್ತ ಬಿರುಸಾಗುತ್ತದೆ. ಈ ಹೊತ್ತಿನಲ್ಲಿ ಬೇಕಾದದ್ದು ಕಿವಿ. ಎದುರಾಳಿ ಎಡದ ಗೋಡೆಯ ಹಿಂದೆ ಒಂದೇ ಒಂದು ಹೆಜ್ಜೆ ಇಟ್ಟರೂ ಕೇಳಬೇಕು. ಸ್ಪೈಕನ್ನು ಸುಮ್ಮನೆ ಒಮ್ಮೆ ಮುಟ್ಟಿ ಬಿಟ್ಟರೆ ಆ ಸದ್ದಿಗೆ ಅವನು ಇಣುಕುತ್ತಾನೆ, ಇಣುಕಿದಾಗ ಹೊಡೆಯಬೇಕು. ನಾನು ಮುಟ್ಟಿ ಬಿಟ್ಟ ಕ್ಷಣಕ್ಕೆ ಸರಿಯಾಗಿ ಆಕಾಶವಾಣಿ ಮೊಳಗುತ್ತದೆ: "ಭಾಯ್, ಬಿಡಬೇಡ, ಹಿಡಿದುಕೊಂಡೇ ಇರು!" ಇನ್ನೊಂದು ದನಿ: "ಬಲಗಡೆ, ಬಲಗಡೆ!" ಮೂರನೆಯದು ಉಸ್ಸೆನ್ನುತ್ತದೆ, ನಾನಾಗಲೇ ಸೋತೆನೆಂಬಂತೆ. ಹೆಜ್ಜೆಯ ಸದ್ದು ಈ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಸುತ್ತಿನ ಆರಂಭದ ಹತ್ತೇ ಸೆಕೆಂಡಿನಲ್ಲಿ ಸತ್ತವನ ದನಿಯೇ ಇವುಗಳಲ್ಲಿ ಎಲ್ಲಕ್ಕಿಂತ ಜೋರು. ಬದುಕುವ ಬಗೆಯನ್ನು ಅವನಷ್ಟು ವಿವರವಾಗಿ ಬಲ್ಲವರು ಇನ್ನೊಬ್ಬರಿಲ್ಲ.

ಇಂಥವರಿಗಾಗಿಯೇ ಮ್ಯೂಟ್ ಗುಂಡಿ ಇದೆ, ನಿಜ. ಏಣಿ ಹತ್ತಿದವರಲ್ಲಿ ಅನೇಕರು ಮೊದಲ ಬೈಗುಳಕ್ಕೇ ಅದನ್ನು ಒತ್ತಿ ಎನ್ನುತ್ತಾರೆ. ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಕಿವಿ ಮುಚ್ಚಿದರೆ ಬೈಗುಳದ ಜೊತೆ ಸುದ್ದಿಯೂ ನಿಲ್ಲುತ್ತದೆ. ಸ್ಪೈಕ್ ನೆಡುವ ಬಿ ಜಾಗದ ಕಡೆಗೆ ಮೂವರು ಬರುತ್ತಿದ್ದಾರೆಂದು ಹೇಳುವವನೂ ಕೆಲವೊಮ್ಮೆ ಅದೇ ಬಾಯಿಬಡುಕ. ಜಾತಿ, ಊರು, ತಾಯಿಯವರೆಗೆ ಹೋದವನನ್ನು ಮಾತ್ರ ನಾನು ಯೋಚಿಸದೆ ಮುಚ್ಚುತ್ತೇನೆ, ದೂರನ್ನೂ ದಾಖಲಿಸುತ್ತೇನೆ. ಉಳಿದ ಗೊಣಗಾಟಕ್ಕೆ ಬೇರೆ ಮದ್ದುಗಳಿವೆ.

ಮುಂಬೈಯ ಸರ್ವರಿನಲ್ಲಿ ಮಾತು ಸಾಮಾನ್ಯವಾಗಿ ಹಿಂದಿಯಲ್ಲಿ ಶುರುವಾಗುತ್ತದೆ, ಕೋಪ ಬಂದಾಗ ತಮಿಳು, ತೆಲುಗು, ಪಂಜಾಬಿಗಳಿಗೆ ತಿರುಗುತ್ತದೆ. ಒಮ್ಮೆ ನಮ್ಮ ತಂಡದಲ್ಲಿ ರೇನಾ ಆಗಿ ಆಡುತ್ತಿದ್ದ ಹುಡುಗ ಮೈಕನ್ನು ಮುಚ್ಚುವುದನ್ನೇ ಮರೆತಿದ್ದ. ಫ್ಯಾನಿನ ಗರಗರ, ಅದರ ಹಿಂದೆ ಕುಕ್ಕರಿನ ಸೀಟಿ. ಹಿಂದಿಯಲ್ಲಿ ನನ್ನ ಹೊಗೆಯನ್ನು ಯಥೇಚ್ಛವಾಗಿ ಹೀಯಾಳಿಸುತ್ತಿದ್ದಾಗ ಹಿನ್ನೆಲೆಯಿಂದ ಹೆಣ್ಣುದನಿಯೊಂದು ಸ್ಪಷ್ಟ ಕನ್ನಡದಲ್ಲಿ, ಅಂಗಡಿ ಮುಚ್ಚುವುದರೊಳಗೆ ಕರಿಬೇವು ತಂದುಕೊಡು ಎಂದಿತು. ನಾನು ಮೈಕು ಒತ್ತಿ ಹೇಳಿದೆ: "ತಮ್ಮಾ, ಮೂರು ಸೀಟಿ ಆಯಿತು. ಅಮ್ಮ ಕರಿಬೇವು ಕೇಳುತ್ತಿದ್ದಾರೆ." ಆ ಕಡೆ ಫ್ಯಾನಿನ ಸದ್ದಷ್ಟೇ ಉಳಿಯಿತು. ಆಮೇಲೆ ಸಣ್ಣ ದನಿಯಲ್ಲಿ, "ಎಲ್ಲಿಯವರು ಅಣ್ಣಾ?" ಅಲ್ಲಿಂದ ಮುಂದೆ ಅವನು ನನ್ನ ಹೊಗೆಯೊಳಗಿಂದಲೇ ನುಗ್ಗಿದ, ಹೊಗೆ ತಡವಾದಾಗ ಕಾದ. ಆಟದ ಮಟ್ಟವೇನೂ ಸುಧಾರಿಸಿರಲಿಲ್ಲ. ಕಾಯುತ್ತಿದ್ದ, ಅಷ್ಟೇ, ಗೋಲ್ಡ್ ಅಂತಸ್ತಿನಲ್ಲಿ ಅದೇ ದೊಡ್ಡ ಪ್ರತಿಭೆ.

ಆ ಪಂದ್ಯ ನಡೆದದ್ದು ಲೋಟಸ್‌ನಲ್ಲಿ. 2023ರ ಜನವರಿಯಲ್ಲಿ ಬಂದ ಈ ನಕ್ಷೆಯ ಕಥಾಸ್ಥಳ ಪಶ್ಚಿಮ ಘಟ್ಟ. ಹಸಿರು, ಹಳೆಯ ಕಲ್ಲುಕಟ್ಟಡ, ಎಲ್ಲ ಇದೆ; ಜಿಗಣೆ ಮಾತ್ರ ಇಲ್ಲ. ಸ್ಪೈಕ್ ನೆಡಲು ಬೇರೆ ನಕ್ಷೆಗಳಲ್ಲಿ ಸಾಮಾನ್ಯವಾಗಿ ಎರಡು ಜಾಗಗಳಾದರೆ ಇಲ್ಲಿ ಮೂರು, ಜೊತೆಗೆ ತಿರುಗುವ ಕಲ್ಲಿನ ಬಾಗಿಲುಗಳು. ಬಾಗಿಲು ತಿರುಗಿದರೆ ಗಡಗಡ ಸದ್ದು ಎದುರಾಳಿಗೂ ಮುಟ್ಟುತ್ತದೆ. ಸದ್ದಿಲ್ಲದೆ ಹೊಂಚು ಹಾಕೋಣ ಎಂದು ಐವರೂ ಒಪ್ಪಿದ ಮೇಲೆ ಹೋಗಿ ಬಾಗಿಲು ತಿರುಗಿಸುವ ಒಬ್ಬ ಪುಣ್ಯಾತ್ಮ ಪ್ರತಿ ತಂಡದಲ್ಲೂ ಇರುತ್ತಾನೆ.

ಮೊದಲರ್ಧದಲ್ಲಿ 3-9 ಆದರೆ ಶರಣಾಗತಿಗೆ ಮತ ಹಾಕೋಣ ಎನ್ನುವವನು ಇನ್ನೊಬ್ಬ. ಆದರೆ ಆಟಗಾರರಲ್ಲಿ 9-3ರ ಶಾಪ ಎಂಬ ನಂಬಿಕೆಯೊಂದಿದೆ. ಒಂಬತ್ತು ಗೆದ್ದವರು ಸಡಿಲಾಗುತ್ತಾರೆ, ಅತಿಬುದ್ಧಿ ಮಾಡುತ್ತಾರೆ, ಎರಡು ಸುತ್ತು ಕೈತಪ್ಪಿದೊಡನೆ ಅವರಲ್ಲೇ ಜಗಳ ಹತ್ತುತ್ತದೆ. ಶಾಪದಲ್ಲಿ ನನಗೆ ನಂಬಿಕೆಯಿಲ್ಲ, ಎದುರು ಕಡೆಯ ಜಗಳದಲ್ಲಿ ಇದೆ. ಅವರಲ್ಲೂ ಐವರು ಅಪರಿಚಿತರೇ ತಾನೆ? ಆದ್ದರಿಂದ ಮತಕ್ಕೆ ಇಲ್ಲ ಎನ್ನುತ್ತೇನೆ. ಬೈಗುಳ ಬೀಳುತ್ತದೆ, ಬೀಳಲಿ. ಸೋತ ಪ್ರತಿ ಸುತ್ತಿಗೂ ನೈಸ್ ಟ್ರೈ ಎಂದು ಬರೆಯುತ್ತೇನೆ. ಅದು ಎಷ್ಟೋ ಸಲ ಶುದ್ಧ ಸುಳ್ಳು, ಆ ಪ್ರಯತ್ನದಲ್ಲಿ ನೈಸ್ ಎನ್ನುವಂಥದ್ದು ಏನೂ ಇರುವುದಿಲ್ಲ. ಗುರಿ ಸುಧಾರಿಸಲು ವರ್ಷ ಬೇಕು. ಎದುರು ತಂಡಕ್ಕಿಂತ ಎರಡು ಸುತ್ತು ತಡವಾಗಿ ಒಡೆಯುವ ತಂಡ ಕಟ್ಟಲು ಇಷ್ಟು ಸುಳ್ಳು, ಒಂದೆರಡು ಬಂದೂಕು ಸಾಕು. ಪ್ಲಾಟಿನಂಗೆ ನಾನು ಹತ್ತಿದ್ದು ಹೀಗೆ, ಕೊಂದ ಲೆಕ್ಕದಲ್ಲಂತೂ ಖಂಡಿತ ಅಲ್ಲ.

ಪ್ಲಾಟಿನಂನಲ್ಲಿ ವಿವೇಕವಂತರು ಸಿಗುತ್ತಾರೆಂದು ಗೋಲ್ಡ್‌ನಲ್ಲಿ ಎಲ್ಲರೂ ಹೇಳುತ್ತಿದ್ದರು. ಇಲ್ಲಿಯೂ ಅದೇ ಜನ, ಗುರಿ ಮಾತ್ರ ಚುರುಕು. ಡೈಮಂಡ್ ತಲುಪಿದರೆ ಎಲ್ಲ ಸರಿಹೋಗುತ್ತದೆ ಎಂದು ಈಗ ಇಲ್ಲಿನವರು ಹೇಳುತ್ತಾರೆ. ಡೈಮಂಡ್‌ನಲ್ಲಿರುವ ನನ್ನ ಭಾವಮೈದುನ ಅಸೆಂಡೆಂಟ್‌ನ ಕಡೆಗೆ ಕೈ ತೋರಿಸುತ್ತಾನೆ.

ಅಪರಿಚಿತರ ಕಾಟವೇ ಬೇಡವೆಂದರೆ ಗೆಳೆಯರೊಡನೆ ಹೋಗಬಹುದು. ಇಬ್ಬರು, ಮೂವರು, ಇಲ್ಲವೇ ಐವರು ಒಟ್ಟಾಗಿ ಬರಬಹುದು. ನಾಲ್ವರು ಮಾತ್ರ ಕೂಡದು. ನಾಲ್ವರು ಗೆಳೆಯರ ಮಧ್ಯೆ ಸಿಕ್ಕುವ ಆ ಐದನೆಯ ಅನಾಥನ ಗತಿಯನ್ನು ನೆನೆದೇ ಈ ನಿಯಮ ಮಾಡಿರಬೇಕು. ಭಾವಮೈದುನ ಐವರ ತಂಡ ಕಟ್ಟಿ ನನ್ನನ್ನೂ ಕೆಲವು ದಿನ ಸೇರಿಸಿಕೊಂಡ. ಸೋತರೆ ಜಗಳ ಪಂದ್ಯದೊಂದಿಗೆ ಮುಗಿಯುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮುಂದುವರಿದು, ಸಂಜೆಗೆ ಹೆಂಡತಿಯ ಕಿವಿಗೂ ತಲುಪುತ್ತಿತ್ತು: "ಅಣ್ಣ ಹೇಳುತ್ತಿದ್ದ, ನೀವು ಹೊಗೆ ಹಾಕುವುದು ತಡವಂತೆ." ಮ್ಯೂಟ್ ಮಾಡೋಣವೆಂದರೆ ಅವನು ಹಬ್ಬಕ್ಕೆ ಮನೆಗೆ ಬರುವವನು. ಈಗ ರಾತ್ರಿ ಹತ್ತರ ಮೇಲೆ ಒಬ್ಬನೇ ಹೋಗುತ್ತೇನೆ. ನಿನ್ನೆ ಸಿಕ್ಕವರಲ್ಲಿ ಮೂವರು ಜೆಟ್‌ಗಾಗಿ ಕಿತ್ತಾಡುತ್ತಿದ್ದರು, ನಾಲ್ಕನೆಯವನು ಏನನ್ನೋ ಕುರುಕುರು ಅಗಿಯುತ್ತಿದ್ದ. ಹೊಗೆ ಯಾರು ಹಾಕುತ್ತೀರಿ ಎಂದು ನಾನು ಕೇಳಲೂ ಹೋಗಲಿಲ್ಲ.