ಯುದ್ಧದ ವರದಿಗೆ ಕಥೆಗಾರ

ಕೈಕೋ ತಾಕೇಶಿ ಜಪಾನಿನ ಒಸಾಕಾದವರು. ವಿಸ್ಕಿ ಕಂಪನಿಗೆ ಜಾಹೀರಾತು ಬರೆಯುತ್ತಲೇ ಕಥೆಗಾರರಾಗಿ ಹೆಸರು ಮಾಡಿ, 27ರ ವಯಸ್ಸಿಗೇ ಅಲ್ಲಿನ ಹೆಸರಾಂತ ಸಾಹಿತ್ಯ ಪ್ರಶಸ್ತಿ ಅಕುತಗಾವಾ ಪಡೆದವರು. 1964ರ ಕೊನೆಗೆ ಅಸಾಹಿ ಪತ್ರಿಕೆ ಇವರನ್ನು ವಿಯೆಟ್ನಾಂ ಯುದ್ಧದ ವರದಿಗೆ ಕಳಿಸಿತು. ಯುದ್ಧಕ್ಕೆ ಕಥೆಗಾರ! ಜಪಾನಿಗೆ ಬಂದು ನೆಲೆಸಿದ ಮೇಲೆ ಇದನ್ನು ತಿಳಿದು ನನಗೆ ಹೊಟ್ಟೆಕಿಚ್ಚಾಯಿತು. ನಮ್ಮ ಯಾವ ಸಂಪಾದಕರು ಇಂಥ ಧೈರ್ಯ ಮಾಡ್ತಾರೆ?

1965ರ ಫೆಬ್ರವರಿ 14ರಂದು ಕೈಕೋ ದಕ್ಷಿಣ ವಿಯೆಟ್ನಾಂ ಸೇನೆಯ ತುಕಡಿಯೊಂದರ ಜತೆ ಕಾಡಿನಲ್ಲಿದ್ದರು. ಪಕ್ಕದಲ್ಲಿ ಫೋಟೋಗ್ರಾಫರ್ ಅಕಿಮೊತೊ ಕೇಯಿಚಿ. ಮರಗಳ ಮರೆಯಿಂದ ಗುಂಡಿನ ದಾಳಿ ಶುರುವಾಯಿತು. ಸುಮಾರು 200 ಮಂದಿಯಲ್ಲಿ ಕಡೆಗೆ ಒಟ್ಟಿಗೆ ಉಳಿದವರು 17. ಬದುಕುವ ನಂಬಿಕೆ ಇಲ್ಲದೆ ಇಬ್ಬರೂ ಒಬ್ಬರ ಫೋಟೋ ಇನ್ನೊಬ್ಬರು ತೆಗೆದುಕೊಂಡರಂತೆ.

ಊರಿಗೆ ಮರಳಿದ ಕೂಡಲೇ ವರದಿಗಳು ಪುಸ್ತಕವಾದವು. ಅದೇ ಅನುಭವ 1968ರಲ್ಲಿ ಕಾದಂಬರಿಯಾಯಿತು. ದಕ್ಷಿಣ ವಿಯೆಟ್ನಾಂ ರಾಜಧಾನಿ ಸೈಗಾನಿನ ಚೌಕದಲ್ಲಿ ಬೆಳಗಿನ ಜಾವ ಹುಡುಗನೊಬ್ಬನನ್ನು ಕಂಬಕ್ಕೆ ಕಟ್ಟಿ ಗುಂಡಿಕ್ಕಿದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಕಾದಂಬರಿಯ ನಿರೂಪಕನೂ ಅದನ್ನು ನೋಡಿ ತತ್ತರಿಸುತ್ತಾನೆ. ಆದರೆ ಮತ್ತೊಬ್ಬನನ್ನು ಹಾಗೇ ಕೊಂದದ್ದನ್ನು ನೋಡಿದಾಗ ನಿರೂಪಕನಿಗೆ ನಡುಕವೇ ಬರುವುದಿಲ್ಲ. ಇದನ್ನು ಬರೆಯಲು ಕಥೆಗಾರನೇ ಬೇಕಿತ್ತು, ಅಲ್ವಾ?

ನಮ್ಮಲ್ಲಿ ಪರದೇಶ ಎಂದರೆ ಪ್ರವಾಸ ಕಥನ. ಕಾರಂತರು, ಗೋಕಾಕರು, ಗೊರೂರರು ಬಹಳ ಸೊಗಸಾಗಿ ಬರೆದರು. ಗದ್ದಲದ ಜಾಗದ ಸುದ್ದಿ ಮಾತ್ರ ಹೆಚ್ಚಾಗಿ ಸುದ್ದಿಸಂಸ್ಥೆಯಿಂದ ಇಂಗ್ಲಿಷಿನಲ್ಲಿ ಬಂದು ಡೆಸ್ಕಿನಲ್ಲಿ ಕನ್ನಡವಾಗುತ್ತದೆ. ಹೊರನಾಡಿನ ನಾವೂ ಕಮ್ಮಿಯಿಲ್ಲ. ರಸ್ತೆ ಎಷ್ಟು ಕ್ಲೀನು, ರೈಲು ಎಷ್ಟು ಕರೆಕ್ಟು ಅಂತ ವಾಟ್ಸಾಪಿನಲ್ಲಿ ಕೊರೆಯುತ್ತಿರುತ್ತೇವೆ.

ದುಡ್ಡೆಲ್ಲಿದೆ ಅಂತ ಕೇಳಬಹುದು. ಜಪಾನಿನಲ್ಲಿ ಪತ್ರಿಕೆ ಕೊಳ್ಳುವವರು ಜಾಸ್ತಿ, ಒಪ್ಪಿದೆ. ಆದರೆ ವರ್ಷ ವರ್ಷ ಜಾಹೀರಾತು ತುಂಬಿಕೊಂಡು ದೀಪಾವಳಿ ವಿಶೇಷಾಂಕಗಳು ಬರುತ್ತವಲ್ಲ? ಅದರಲ್ಲಿ ಒಂದಿಷ್ಟು ತೆಗೆದಿಟ್ಟು ಒಬ್ಬ ಕಥೆಗಾರನನ್ನೋ ಕಥೆಗಾರ್ತಿಯನ್ನೋ ಮೂರು ತಿಂಗಳು ಕುವೈತಿಗೆ ಕಳಿಸಲಿ. ಯುದ್ಧವೇ ಆಗಬೇಕೆಂದೇನಿಲ್ಲ. ನಮ್ಮ ಕರಾವಳಿಯ ಎಷ್ಟೋ ಮನೆಗಳ ದುಡಿಯುವ ಕೈ ಕೊಲ್ಲಿಯಲ್ಲೇ ಇದೆ. ಅವರಿರುವ ಕೋಣೆಯಲ್ಲೇ ಉಳಿದು, ಅವರ ಬಸ್ಸಿನಲ್ಲೇ ಕೆಲಸದ ಜಾಗಕ್ಕೆ ಹೋಗಿ, ವಾರವಾರ ವರದಿ ಬರೆಯಲಿ. ಕಾದಂಬರಿಗೆ ಅವಸರವಿಲ್ಲ.