ಅಜ್ಜಿ ಹೇಳಿದ್ದು ಆಧಾರ ಆಗಲ್ವಂತೆ

ನಮ್ಮ ಶಾಲೆಯ ಪ್ರಾಜೆಕ್ಟ್ ಪ್ರದರ್ಶನದಲ್ಲಿ ಥರ್ಮಾಕೋಲ್ ತಾಜ್‌ಮಹಲಿಗೆ ಮೊದಲ ಬಹುಮಾನ. ಸರಿ, ಬಿಡಿ. ಅದರ ಚಾರ್ಟಿನಲ್ಲಿ 1632 ಅಂತ ಇರಬೇಕಾದ ಕಡೆ 1362 ಅಂತ ಇತ್ತು. ಅದನ್ನೂ ಬಿಡಿ. ರಾತ್ರಿ ಹನ್ನೊಂದಾದರೂ ನನಗೆ ನಿದ್ದೆ ಬರದೆ ಇರೋದು ಬೇರೆ ಮಾತಿಗೆ.

ನಮ್ಮ ನಾಲ್ಕು ಹುಡುಗಿಯರ ಪ್ರಾಜೆಕ್ಟಿನ ವಿಷಯ ನಾನು ಕೊಟ್ಟಿದ್ದಲ್ಲ. 2024ರ ಆಗಸ್ಟಿನಲ್ಲಿ ಕಾರವಾರದ ಕಾಳಿ ಹೊಳೆಯ ಹಳೇ ಸೇತುವೆ ನಡುರಾತ್ರಿ ಲಾರಿ ಸಮೇತ ಕುಸಿಯಿತಲ್ಲ, ಆಮೇಲೆ ಹೊಳೆಯಾಚೆಯ ಸದಾಶಿವಗಡದಿಂದ ಬರುವ ಒಬ್ಬಳು ಕೇಳಿದಳು, "ಟೀಚರ್, ಸೇತುವೆಯೇ ಇಲ್ಲದಾಗ ಜನ ಕಾರವಾರಕ್ಕೆ ಹೆಂಗೆ ಬರ್ತಿದ್ರು?" ಲೈಬ್ರರಿಯಲ್ಲಿ ಹುಡುಕಿದೆವು. ಲೈಬ್ರರಿ ಅಂದ್ರೆ ಎರಡು ಕಪಾಟು. ಉಪ್ಪುಗಾಳಿಗೆ ಬೀಗ ತುಕ್ಕು ಹಿಡಿದು, ತೆಂಗಿನೆಣ್ಣೆ ಬಿಟ್ಟರೆ ಮಾತ್ರ ತಿರುಗುತ್ತದೆ. ವಿಶ್ವಕೋಶದ 'ಕ' ಸಂಪುಟವನ್ನು ನಮಗಿಂತ ಮೊದಲು ಗೆದ್ದಲು ಓದಿ ಮುಗಿಸಿತ್ತು. ಹಾಗಾಗಿ ಮಕ್ಕಳೇ ಕೋಡಿಬಾಗದಲ್ಲಿ ಮನೆಮನೆ ತಿರುಗಿದರು. ತಾರಿಗೆ, ಅಂದ್ರೆ ಹೊಳೆ ದಾಟಿಸುವ ದೋಣಿಗೆ, ಕಾದು ನಿಂತಿದ್ದು, ಮಳೆಗಾಲದಲ್ಲಿ ಹೊಳೆ ಕೆಂಪಾದರೆ ಮೀನಿನ ಬುಟ್ಟಿ ಹೊತ್ತು ವಾಪಸ್ ಹೋಗಿದ್ದು, ಎಲ್ಲ ಬರೆದುಕೊಂಡರು. ಕೊಂಕಣಿಯಲ್ಲಿ ಹೇಳಿದ್ದನ್ನು ಅವರೇ ಕೂತು ಕನ್ನಡಕ್ಕೆ ಮಾಡಿದರು. ಒಂದು ಪುಟಕ್ಕೆ ಮೀನು ಸಾರಿನ ಕಲೆ ಕೂಡ ಇದೆ.

ಪ್ರಾಜೆಕ್ಟ್ ನೋಡೋಕೆ ಬಂದ ಸಾಹೇಬರು ಆ ಪುಟವನ್ನೇ ಎರಡು ಬೆರಳಲ್ಲಿ ಎತ್ತಿದರು. ಹೀಗೆ, ಸತ್ತ ಇಲಿ ಎತ್ತಿದ ಹಾಗೆ.

"ಇದಕ್ಕೆ ಆಧಾರ ಏನಮ್ಮಾ?"

"ನನ್ನ ಅಜ್ಜಿ, ಸರ್."

"ಅಜ್ಜಿ ಯಾವ ಪುಸ್ತಕ?"

ಎಲ್ಲರೂ ನಕ್ಕರು. ಹಿಂದಿನ ಸಾಲಿನ ಪಾಲಕರೂ ನಕ್ಕರು. ಅವಳು ನನ್ನ ಕಡೆ ನೋಡಿದಳು. ಟೀಚರ್ ಏನಾದರೂ ಹೇಳ್ತಾರೆ ಅಂತ ಕಾದಳು. ನಾನು ಏನು ಹೇಳಿದೆ ಗೊತ್ತಾ? "ಹೌದು ಸರ್, ಮುಂದಿನ ಸಲ ಸರಿ ಮಾಡಿಸ್ತೀನಿ" ಅಂದೆ. ಜೊತೆಗೆ ನಕ್ಕೆ ಬೇರೆ! ಏನು ಸರಿ ಮಾಡಿಸಲಿ? ಅಜ್ಜಿಯನ್ನಾ?

ಮನೆಗೆ ಬಂದು ಕನ್ನಡಿ ಮುಂದೆ ಚೆನ್ನಾಗಿ ಭಾಷಣ ಮಾಡಿದೆ. ಗ್ರಂಥಾಲಯ ವಿಜ್ಞಾನದ ರಂಗನಾಥನ್ 1931ರಲ್ಲೇ ಬರೆದಿಟ್ಟಿದ್ದಾರೆ ಸಾಹೇಬರೇ, ಪುಸ್ತಕ ಇರೋದು ಬಳಸೋಕೆ ಅಂತ, ನೀವು ಕಪಾಟಿಗೆ ಬೀಗ ಹಾಕಿಸಿ ಮಕ್ಕಳ ಹತ್ತಿರ ಪುಸ್ತಕದ ಹೆಸರು ಕೇಳ್ತೀರಲ್ಲ, ಆ ತಾಜ್‌ಮಹಲು ಮಾರ್ಕೆಟ್ಟಿನ ಅಂಗಡಿಯದ್ದು, ಬುಡದಲ್ಲಿ ಬೆಲೆಯ ಚೀಟಿ ಇನ್ನೂ ಹಾಗೇ ಇತ್ತು, ಅದರ ಆಧಾರ ಯಾಕೆ ಕೇಳಲಿಲ್ಲ? ಭಾರೀ ಶೂರಳು ನಾನು, ಬಚ್ಚಲುಮನೆಯಲ್ಲಿ.

ಹೋಗಲಿ, ಬಹುಮಾನ ಅಂದ್ರೆ ಒಂದು ಸ್ಟೀಲ್ ಡಬ್ಬಿ, ಅದಕ್ಕೆ ಇಷ್ಟು ಉರ್ಕೊಳ್ಳೋದಾ? ಇಲ್ಲ, ಹೋಗಲಿ ಅನ್ನೋಕಾಗ್ತಿಲ್ಲ. ತಾರಿಯ ಕಾಲ ನೋಡಿದವರು ಇನ್ನೆಷ್ಟು ಜನ ಉಳಿದಿದ್ದಾರೆ? ಅವರನ್ನು ಕೇಳದೆ ಇನ್ಯಾರನ್ನು ಕೇಳಬೇಕಿತ್ತು? ಯಾರಾದರೂ ಉತ್ತರ ಹೇಳಿ. ಸಾಹೇಬರೇ ಬೇಕಂತಿಲ್ಲ, ಯಾರಾದರೂ.

ಬರುವಾಗ ಬಾಗಿಲಲ್ಲಿ ಆ ಹುಡುಗಿ ನಿಂತಿದ್ದಳು. "ಟೀಚರ್, ನೋಟ್‌ಬುಕ್ ಅಜ್ಜಿಗೆ ತೋರಿಸ್ತೀನಿ ಅಂದಿದ್ದೆ" ಅಂದಳು. ಅದನ್ನು ಆಗಲೇ ಕಪಾಟಿನೊಳಗೆ ಇಟ್ಟು ಬೀಗ ಹಾಕಿದ್ದರು. ಬೀಗದ ಕೈ ಯಾರ ಹತ್ತಿರ ಅಂತ ಮೂರು ಜನರನ್ನು ಕೇಳಿದೆ. ಮೂವರೂ ಮತ್ತೊಬ್ಬರ ಹೆಸರು ಹೇಳಿದರು.